120ರಲ್ಲಿ ಒಂದು

ಬಹಳ ದಿನ ಆಯ್ತು ಇಲ್ಲಿ ಬರೆದು. ಒಂದು ಸಂಖ್ಯೆ ತಲೆಯೊಳಗೆ ಕೂತು ಬೇರೇನೂ ಬರೆಯೋಕೆ ಬಿಟ್ಟಿರಲಿಲ್ಲ...

ನನ್ನವಳಿಗೆ ಹದಿಮೂರನೇ ವಾರ. ಬಾಗಲಕೋಟೆಯ ನವನಗರದಲ್ಲಿ ಎನ್‌ಟಿ ಸ್ಕ್ಯಾನ್ ಮಾಡಿಸಿ, ಡಬಲ್ ಮಾರ್ಕರ್ ಟೆಸ್ಟಿಗೆ ರಕ್ತ ಕೊಟ್ಟಿದ್ದೆವು. ಸ್ಕ್ಯಾನಿನಲ್ಲಿ ಕೂಸು ಕೈ ಆಡಿಸಿದ್ದು ನೋಡಿ ಖುಷಿಯಾಗಿ, ಬರುವಾಗ ಗಿರ್ಮಿಟ್ಟು ತಿಂದಿದ್ದೂ ಆಯ್ತು. ನಾಲ್ಕು ದಿನಕ್ಕೆ ರಿಪೋರ್ಟು ಬಂತು: ಟ್ರೈಸೊಮಿ 21, ರಿಸ್ಕ್ 1:120. ಪಕ್ಕದಲ್ಲಿ ಕೆಂಪಕ್ಷರದಲ್ಲಿ 'ಹೈ ರಿಸ್ಕ್'.

ಟ್ರೈಸೊಮಿ 21 ಅಂದರೆ ಡೌನ್ ಸಿಂಡ್ರೋಮ್. 21ನೇ ಕ್ರೋಮೋಸೋಮು ಎರಡಿರೋ ಕಡೆ ಮೂರು. ನಾನು ಇಂಜಿನಿಯರ್ ಅಲ್ವಾ, ಲೆಕ್ಕ ಶುರು ಮಾಡಿದೆ. 120ರಲ್ಲಿ 119 ಸಲ ಏನೂ ಇರೋದಿಲ್ಲ, ಶೇಕಡಾ ಒಂದಕ್ಕಿಂತ ಕಮ್ಮಿ ಅಂತ ಹೇಳಿದೆ. ಅವಳು ಹೇಳಿದ್ದು ಇಷ್ಟೇ: "ಆ 119 ಕೂಸಿನ ಮಾತು ನನಗ್ಯಾಕ್ರಿ? ನಂದು ಒಂದೇ ಐತಿ."

ಆಮೇಲೆ ಓದುತ್ತಾ ಹೋದೆ. ಆ ಸಂಖ್ಯೆ ಯಾರೂ ಅಳೆದದ್ದಲ್ಲ, ಒಂದು ಸಾಫ್ಟ್‌ವೇರ್ ಲೆಕ್ಕ ಹಾಕಿದ್ದು! ತಾಯಿಯ ವಯಸ್ಸು, ತೂಕ, ಕೂಸಿನ ಉದ್ದ, ಕೂಸಿನ ಕತ್ತಿನ ಹಿಂದಿರೋ ನೀರಿನ ದಪ್ಪ, ರಕ್ತದಲ್ಲಿನ ಎರಡು ಅಂಶ, ಇಷ್ಟು ಹಾಕಿದರೆ ಉತ್ತರ ಬರುತ್ತೆ. ನಮ್ಮ ರಿಪೋರ್ಟಿನಲ್ಲಿ ಗಡಿ 1:250. ಅಂದರೆ 249 ಬಂದರೆ ಕೆಂಪು, 251 ಬಂದರೆ ಹಸಿರು. ದಿನಾ ಇಂಥ ಇಫ್-ಎಲ್ಸ್ ಬರೆಯೋ ನನಗೇ ಅದರ ಮುಂದೆ ಬೆವರು ಬಂತು. ಅವಳ ವಯಸ್ಸಿನವರಿಗೆ ಸಾಮಾನ್ಯವಾಗಿ ಸಾವಿರಕ್ಕೂ ಹೆಚ್ಚು ಹೆರಿಗೆಗೆ ಒಂದು ಅನ್ನೋದೂ ಗೊತ್ತಾಯ್ತು. 120 ಆಗ ಸಣ್ಣದಾಗಿ ಕಾಣಲಿಲ್ಲ.

ಹುನಗುಂದದ ನಮ್ಮ ಮನೆಯಲ್ಲಿ ಬೇರೆಯೇ ಗದ್ದಲ. ಅವಳು ನನ್ನ ಸೋದರಮಾವನ ಮಗಳು. ದೊಡ್ಡವರೊಬ್ಬರು "ರಕ್ತದಾಗ ಮದುವಿ ಮಾಡಿದ್ದಕ್ಕ ಹಿಂಗಾತು" ಅಂದುಬಿಟ್ಟರು. ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಡಾಕ್ಟರ್ ಮೇಡಂ ಹತ್ತಿರ ಅವ್ವನನ್ನೇ ಕರೆದುಕೊಂಡು ಹೋದೆ. ಸಂಬಂಧದಲ್ಲಿ ಮದುವೆಯಾದರೆ ಕೆಲವು ಆನುವಂಶಿಕ ಕಾಯಿಲೆ ಜಾಸ್ತಿ ಆಗೋದು ಖರೆ, ಆದರೆ ಇದು ಹೆಚ್ಚಾಗಿ ಅಂಡಾಣು ತಯಾರಾಗುವಾಗಿನ ಹಂಚಿಕೆಯ ತಪ್ಪು, ಸಂಬಂಧಕ್ಕೂ ಇದಕ್ಕೂ ಗಂಟು ಹಾಕಬೇಡ್ರಿ ಅಂದರು. ಅವ್ವ ಅವತ್ತು ರಾತ್ರಿ ಎರಡು ರೊಟ್ಟಿ ಉಂಡಳು.

ಮುಂದಿನ ದಾರಿಯನ್ನೂ ಅವರೇ ಬಿಡಿಸಿ ಹೇಳಿದರು. ಎನ್‌ಐಪಿಟಿ ಅಂತ ರಕ್ತಪರೀಕ್ಷೆ, ತಾಯಿಯ ರಕ್ತದಲ್ಲಿ ತೇಲೋ ಡಿಎನ್‌ಎ ನೋಡೋದು. ಅದೂ ಬರೀ ಸ್ಕ್ರೀನಿಂಗೇ. ಖಚಿತವಾಗಿ ತಿಳಿಯೋಕೆ ಹೊಟ್ಟೆಯೊಳಗೆ ಸೂಜಿ ಹಾಕಿ ನೀರು ತೆಗೆಯೋ ಆಮ್ನಿಯೋಸೆಂಟೆಸಿಸ್, ಅದರಲ್ಲಿ ಗರ್ಭಪಾತದ ಅಪಾಯ ಸ್ವಲ್ಪ ಇದ್ದೇ ಇರುತ್ತೆ. ನಾವು ಮೊದಲು ರಕ್ತವನ್ನೇ ಕೊಟ್ಟೆವು.

ಕಾಯೋ ದಿನಗಳಲ್ಲಿ ಬಾದಾಮಿಗೆ ಹೋದೆವು, ಬನಶಂಕರಿಗೆ ಕಾಯಿ ಒಡೆಸಬೇಕು ಅಂತ ಅವ್ವನ ಹಟ. ಅತ್ಯಾನ ಓಣಿಯಲ್ಲಿ ಡೌನ್ ಸಿಂಡ್ರೋಮ್ ಇರೋ ಹುಡುಗನೊಬ್ಬ ಇದ್ದಾನೆ, ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂಡ್ತಾನೆ. ಚಿಕ್ಕಂದಿನಿಂದ ನೋಡಿದವನೇ. ಅವತ್ತು ಮಾತ್ರ ಇಬ್ಬರೂ ಅಂಗಡಿ ಮುಂದೆ ಜಾಸ್ತಿ ಹೊತ್ತು ನಿಂತೆವು. ಅವನು ನಗುತ್ತಾ ಇವಳ ಕೈಗೆ ಪೆಪ್ಪರಮೆಂಟು ಕೊಟ್ಟ. ಅವನ ಅವ್ವ ಒಳಗಿಂದ ಬಂದು, ಹೋದ ವರ್ಷ ಅವನ ಹೃದಯದ ಆಪರೇಷನ್ನಿಗೆ ಓಡಾಡಿದ್ದು ಹೇಳಿದರು. ನಗುವೂ ಖರೆ, ಓಡಾಟವೂ ಖರೆ.

ವಾಪಸು ಬರುವಾಗ ಗಾಡಿಯ ಹಿಂದಿನಿಂದ ಕೇಳಿದಳು, "ಹೌದು ಅಂತ ಬಂದ್ರ ಏನ್ ಮಾಡೂದ್ರಿ?" ಕಾನೂನು ನನಗೆ ಗೊತ್ತಿತ್ತು, 2021ರ ತಿದ್ದುಪಡಿಯನ್ನೂ ಓದಿದ್ದೆ. ಉತ್ತರ ಗೊತ್ತಿರಲಿಲ್ಲ. "ನಿನಗ?" ಅಂದೆ. "ನನಗೂ ಗೊತ್ತಿಲ್ಲ. ಆದ್ರ ನಾವಿಬ್ಬರೇ ಕೂತು ಠರಾವು ಮಾಡೂಣು, ಓಣಿ ಮಂದಿ ಅಲ್ಲ" ಅಂದಳು. ಬಾಗಲಕೋಟೆ ಬರುವ ತನಕ ಮತ್ತೆ ಮಾತಿಲ್ಲ.

ಹನ್ನೊಂದನೇ ದಿನ, ಆಫೀಸಿನ ಕಾಲ್‌ನಲ್ಲಿದ್ದಾಗ ಮೇಲ್ ಬಂತು: 'ಲೋ ರಿಸ್ಕ್'. ಮೈಕು ಮ್ಯೂಟ್ ಮಾಡಿ ಅಡುಗೆಮನೆಗೆ ಓಡಿದೆ. ಓದಿ ನೋಡಿ, "ಅಂದ್ರ ಪೂರ್ತಿ ಇಲ್ಲ ಅಂತಾನ?" ಅಂದಳು. "ಪೂರ್ತಿ ಅಂತ ಅದು ಹೇಳೂದಿಲ್ಲ, ಭಾಳ ಕಮ್ಮಿ ಅಂತ" ಅಂದೆ. ಆಮೇಲೆ ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಸೂಜಿ ಪರೀಕ್ಷೆ ಬೇಡ ಅಂತ ಮೇಡಂ ಜೊತೆ ಮಾತಾಡಿಯೇ ಬಿಟ್ಟೆವು.

ಇಳಕಲ್ಲಿನ ನಮ್ಮ ಅತ್ತಿ ಕಳ್ಳ ಕುಬಸ ಆಗಲೇ ಮುಗಿಸಿದ್ದರು. ಐದನೇ ತಿಂಗಳಿನದಕ್ಕೆ ಹಸಿರು ಸೀರೆ, ಗುಳೇದಗುಡ್ಡದ ಖಣ ತಂದಿಟ್ಟು, ನಮ್ಮ ಸುದ್ದಿ ಕೇಳಿ ಸುಮ್ಮನೆ ಟ್ರಂಕಿನಲ್ಲಿ ಇಟ್ಟಿದ್ದರಂತೆ. ಮುಂದಿನ ವಾರ ಅನಾಮಲಿ ಸ್ಕ್ಯಾನ್ ಇದೆ. ಅದು ಮುಗಿದ ಮೇಲೆ ದಿನ ಹೇಳ್ತೀನಿ ಅಂತ ಇವಳು ಫೋನಿನಲ್ಲಿ ಹೇಳ್ತಿದ್ದಳು.