ತೊಟ್ಟಿಯ ಪಾಚಿ, ಊರ ಕೆರೆ
ಕೊರಟಗೆರೆಯ ಸಿದ್ಧರಬೆಟ್ಟ, ಮಧುಗಿರಿಯ ಏಕಶಿಲಾ ಬೆಟ್ಟ ನೋಡಿಕೊಂಡು ಮುಂದೆ ಸಾಗಿದರೆ ಶಿರಾ ಬಳಿಯ ಕಗ್ಗಲಡು. ಇಲ್ಲಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳಿಗೆ ಸುತ್ತಲಿನ ಕೆರೆಗಳ ಮೀನೇ ಆಹಾರ. ಮನೆಯ ಅಕ್ವೇರಿಯಂಗೆ ಪಾಚಿ ತಿನ್ನುವ ಜೀವಿಯನ್ನು ಆರಿಸುವಾಗಲೂ ಈ ಕೆರೆಗಳು ನೆನಪಿರಬೇಕು.

ಅಂಗಡಿಯಲ್ಲಿ ಬೆರಳುದ್ದವಿದ್ದು ಗಾಜಿಗೆ ಅಂಟಿಕೊಳ್ಳುವ ‘ಸಕ್ಕರ್’ ಮೀನು ದಕ್ಷಿಣ ಅಮೆರಿಕದ್ದು. ಒಂದು ಅಡಿ ಮೀರಿ ಬೆಳೆಯುತ್ತದೆ. ತೊಟ್ಟಿ ಸಾಲದೆಂದು ಕೆರೆಗೆ ಬಿಟ್ಟರೆ ಅಲ್ಲಿಯೇ ಮರಿ ಮಾಡಿ, ನಾಡಮೀನುಗಳ ಆಹಾರ ಕಸಿಯುತ್ತದೆ. ಮುಳ್ಳು, ಗಟ್ಟಿ ಹೊದಿಕೆಯ ಈ ಮೀನನ್ನು ಹಕ್ಕಿ ನುಂಗುವುದೂ ಕಷ್ಟ.

ಪಾವಗಡದ ಕಡೆಯಂತೆ ಕೊಳವೆಬಾವಿಯ ಗಡಸು ನೀರಿರುವಲ್ಲಿ ಬಸವನಹುಳು ಸೂಕ್ತ. ಚಿಪ್ಪಿಗೆ ಬೇಕಾದ ಸುಣ್ಣದಂಶ ಆ ನೀರಿನಲ್ಲಿದೆ. ಅದನ್ನೂ ಕೆರೆಗೆ ಬಿಡಬಾರದು. ಬಿಸಿಲು, ಮೀನಿನ ತಿಂಡಿ ಎರಡೂ ಮಿತವಾಗಿದ್ದರೆ ಪಾಚಿಯೇ ಕಡಿಮೆ.