ಹಸುರು ಗೆರೆಯ ಪಾಠ

“ಯಾರೂ ಹೋಗಿ ನೋಡದ್ದನ್ನು ನಂಬುವುದು ಹೇಗೆ, ಸಾರ್?” ಎಂದು ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ. ಮಾತು ಪಂಪನಿಂದ ಎಲ್ಲೆಲ್ಲಿಗೋ ಹರಿದು ನಕ್ಷತ್ರಗಳವರೆಗೆ ಹೋಗಿತ್ತು. ಪಂಪನನ್ನೂ ನಾವು ಯಾರೂ ಕಂಡಿಲ್ಲವಲ್ಲ! ಓಲೆಗರಿಯ ಅಕ್ಷರಗಳನ್ನು ನಂಬಿ ಬದುಕುವ ನನ್ನಂಥವನಿಗೆ ಆ ಪ್ರಶ್ನೆ ಚೆನ್ನಾಗಿಯೇ ನಾಟಿತು.

1864ರಲ್ಲಿ ಇಂಗ್ಲೆಂಡಿನ ವಿಲಿಯಂ ಹಗಿನ್ಸ್ ಒಂದು ನೀಹಾರಿಕೆಯ ಬೆಳಕನ್ನು ಪಟ್ಟಕದಿಂದ ಬಿಡಿಸಿ ನೋಡಿದರು. ಕಾಮನಬಿಲ್ಲು ಕಾಣಲಿಲ್ಲ, ಕಂಡದ್ದು ಬೆರಳೆಣಿಕೆಯ ಗೆರೆಗಳು. ಅಂದರೆ ಅದು ನಕ್ಷತ್ರಗಳ ಗುಂಪಲ್ಲ, ಹೊಳೆಯುವ ಅನಿಲ. ಆದರೆ ಎದ್ದು ಕಾಣುವ ಹಸುರು ಗೆರೆ ಭೂಮಿಯ ಯಾವ ಧಾತುವಿಗೂ ಹೊಂದಲಿಲ್ಲ. ಪಂಡಿತರು ‘ನೆಬ್ಯುಲಿಯಂ’ ಎಂಬ ಹೊಸ ಧಾತುವನ್ನೇ ಕಲ್ಪಿಸಿದರು. ನಮ್ಮಲ್ಲೂ ಹೀಗೆಯೇ: ಪದ ಬಗೆಹರಿಯದಿದ್ದರೆ ನಿಘಂಟಿಗೆ ಹೊಸ ನಮೂದು! 1927ರಲ್ಲಿ ಅಮೆರಿಕದ ಬೋವೆನ್ ಗುಟ್ಟು ಬಿಡಿಸಿದರು. ಅದು ನಾವು ಉಸಿರಾಡುವ ಆಮ್ಲಜನಕವೇ, ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡದ್ದು. ಅಲ್ಲಿನ ಅನಿಲ ಅತಿ ವಿರಳ. ಇನ್ನೊಂದು ಕಣ ಬಂದು ಡಿಕ್ಕಿ ಹೊಡೆಯುವ ಮೊದಲೇ ಆ ಬೆಳಕನ್ನು ಹೊರಚೆಲ್ಲಲು ಪುರುಸೊತ್ತುಂಟು. ಶಬ್ದ ಹಳೆಯದೇ, ಅದು ನಿಂತ ವಾಕ್ಯ ಹೊಸದು.

ಸುರುಳಿ ಗ್ಯಾಲಕ್ಸಿಗಳ ತೋಳುಗಳಲ್ಲಿ ಎಳೆಯ ನಕ್ಷತ್ರಗಳ ಪ್ರಖರತೆಗೆ ಹೊಳೆಯುವ ಇಂಥ ಮೋಡಗಳು ಮಣಿಗಳಂತೆ ಪೋಣಿಸಿಕೊಂಡಿವೆ. 1971ರಲ್ಲಿ ಲೆನರ್ಡ್ ಸರ್ಲ್ ಅವನ್ನು ಒಳಗಿನಿಂದ ಹೊರಗಿನವರೆಗೆ ಓದಿದರು. ಜಲಜನಕದ ಗೆರೆಗೆ ಹೋಲಿಸಿದರೆ ಹಸುರು ಗೆರೆ ಹೊರಹೊರಗೆ ಹೋದಂತೆ ಪ್ರಬಲವಾಗಿತ್ತು. ಹಾಗಾದರೆ ಅಂಚಿನಲ್ಲಿ ಆಮ್ಲಜನಕ ಹೆಚ್ಚು ಎನ್ನೋಣವೇ? ತಿರುವುಮುರುವು! ಬೆಳಕನ್ನು ಚೆಲ್ಲಿ ಮೋಡವನ್ನು ತಣಿಸುವುದೇ ಆಮ್ಲಜನಕ. ಅದು ಕಡಮೆಯಿದ್ದಲ್ಲಿ ಮೋಡ ಕಾದೇ ಇರುತ್ತದೆ. ಆ ಕಾವಿನಲ್ಲಿ ಇರುವಷ್ಟೇ ಹೆಚ್ಚು ಹೊಳೆಯುತ್ತದೆ. ನಡುವಿನಲ್ಲಿ ಎಷ್ಟೋ ತಲೆಮಾರಿನ ನಕ್ಷತ್ರಗಳು ಸತ್ತು ಆಮ್ಲಜನಕವನ್ನು ಬಿಟ್ಟುಹೋಗಿವೆ; ಅಂಚು ಇನ್ನೂ ಬಡವು. ಕಣ್ಣಿಗೆ ಕಂಡದ್ದನ್ನೇ ಅರ್ಥವೆಂದು ಹಿಡಿಯುವವರು ಇದನ್ನೊಮ್ಮೆ ಓದಬೇಕು.

ಗೆರೆಗಳು ತುಸು ಜರುಗಿದರೆ ಮೋಡದ ವೇಗವೂ ತಿಳಿಯುತ್ತದೆ. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗ್ಯಾಲಕ್ಸಿಯ 67 ಮೋಡಗಳ ವೇಗವನ್ನು ಪ್ರಕಟಿಸಿದರು. ಸೂರ್ಯನಿಂದ ದೂರದ ಗ್ರಹಗಳಂತೆ ಹೊರಗಿನವು ನಿಧಾನಿಸಬೇಕಿತ್ತು, ಹಾಗೆ ನಿಧಾನಿಸಲಿಲ್ಲ. ಮುಂದೆ ಬೇರೆ ಗ್ಯಾಲಕ್ಸಿಗಳಲ್ಲೂ ಇದೇ ಕಥೆ. ಕಾಣದ ಯಾವುದೋ ಭಾರ ಅವನ್ನು ಹಿಡಿದಿದೆ ಎನ್ನುತ್ತಾರೆ ಬಹುಪಾಲು ವಿಜ್ಞಾನಿಗಳು. ಅದಕ್ಕೆ ‘ಕಪ್ಪು ದ್ರವ್ಯ’ ಎಂದು ಹೆಸರೂ ಇದೆ; ಅದು ಏನೆಂದು ಇನ್ನೂ ತಿಳಿದಿಲ್ಲ. ನೆಬ್ಯುಲಿಯಂ ನೆನಪಿರುವ ನನಗೆ ಹೆಸರೊಂದರಿಂದಲೇ ಸಮಾಧಾನವಾಗುವುದಿಲ್ಲ. ಹುಡುಗನಿಗೂ ಅಷ್ಟನ್ನೇ ಹೇಳಿದೆ.