ಕುರೆಕುಪ್ಪದ ಮಾಳಿಗೆಯಿಂದ ಕಾಣುವ ಹಡಗು

ನಮ್ಮೂರು ಕುರೆಕುಪ್ಪ ಎಂದರೆ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಾಗಲಿಕ್ಕಿಲ್ಲ. ತೋರಣಗಲ್ಲು ಎಂದರೆ ಮಾತ್ರ ‘ಓ, ಉಕ್ಕಿನ ಕಾರ್ಖಾನೆಯ ಊರು’ ಎನ್ನುತ್ತೀರಿ. ಅದರ ಮಗ್ಗುಲಲ್ಲೇ ನಾವಿರುವುದು. ಬಳ್ಳಾರಿ ಜಿಲ್ಲೆ, ಸಂಡೂರು ತಾಲ್ಲೂಕು. ಬೆಳಿಗ್ಗೆ ಒರೆಸಿದ ಕಟ್ಟೆ ಮಧ್ಯಾಹ್ನಕ್ಕೆ ಕೆಂಪು. ಒಣಗಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿ. ಇಲ್ಲಿಂದ ಸಮುದ್ರ ಎಷ್ಟು ದೂರ ಎಂದು ಮಗಳ ನಕಾಶೆ ಪುಸ್ತಕದ ಮೇಲೆ ಗೇಣು ಹಾಕಿ ನೋಡಿದವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ರಾತ್ರಿ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು ಮಾಳಿಗೆ ಹತ್ತಿದರೆ ಕಾರ್ಖಾನೆಯ ಕಡೆ ದೀಪಗಳು ಕಾಣುತ್ತವೆ. ಸುತ್ತ ಕತ್ತಲೆ, ನಡುವೆ ಉದ್ದಕ್ಕೆ ಸಾಲು ದೀಪ, ಮೇಲೆ ಹೊಗೆ. ಒಮ್ಮೊಮ್ಮೆ ಆಕಾಶವೆಲ್ಲ ಕೆಂಪಾಗಿ ಮತ್ತೆ ಆರುತ್ತದೆ. ನಮ್ಮವರಿಗೆ ಅದು ಮೂರು ಪಾಳಿಯ ದುಡಿಮೆ. ನನಗೆ ಮಾತ್ರ ಮಿನಿಕಾಯ್ ದ್ವೀಪದ ಹೊರಗೆ ಲಂಗರು ಹಾಕಿ ನಿಂತ ನಮ್ಮ ಹಡಗು. ನಗಬೇಡಿ. ಹಡಗು ಹತ್ತಿ ಬಂದವರಿಗೆ ಆ ಹುಚ್ಚು ಬೇಗ ಬಿಡುವುದಿಲ್ಲ.

ನಾವು ಹೋಗಿದ್ದು 2019ರ ಜನವರಿಯಲ್ಲಿ. ನಮ್ಮವರು, ನಾನು, ಮಗಳು. ಲಕ್ಷದ್ವೀಪಕ್ಕೆ ಐದು ದಿನದ ಪ್ರವಾಸ. ಮೂರು ಜನಕ್ಕೆ ಲಕ್ಷದ ಹತ್ತಿರ ಬಂತು. ಚೀಟಿ ಎತ್ತಿದ ದುಡ್ಡು ಬಂಗಾರಕ್ಕೆ ಹೋಗಬೇಕಾದದ್ದು ನೀರಿಗೆ ಹೋಯಿತು ಎಂದು ನಮ್ಮ ನಾದಿನಿ ಇಂದಿಗೂ ಹೇಳುತ್ತಾರೆ. ನಮ್ಮತ್ತೆಯವರನ್ನು ಕಂಪ್ಲಿಯಲ್ಲಿ ಅದೇ ನಾದಿನಿಯ ಮನೆಯಲ್ಲಿ ಬಿಟ್ಟು ಹೋಗಿದ್ದೆವು. ಆಗ ಅವರಿಗೆ ಅರವತ್ತೆಂಟು, ಗಟ್ಟಿಯಾಗಿಯೇ ಇದ್ದರು. ‘ವಯಸ್ಸಾದವರಿಗೆ ಹಡಗು ಯಾಕೆ’ ಎಂದು ನಾವೇ ತೀರ್ಮಾನ ಮಾಡಿಬಿಟ್ಟೆವು. ಅವರನ್ನು ಒಂದು ಮಾತು ಕೇಳಲಿಲ್ಲ. ಈ ಲೇಖನ ಬರೆಯಲು ಕೂತದ್ದೂ ಅದು ಮನಸ್ಸಿನಲ್ಲಿ ಕೊರೆಯುತ್ತಿರುವುದರಿಂದಲೇ.

ಲಕ್ಷದ್ವೀಪಕ್ಕೆ ಸುಮ್ಮನೆ ಟಿಕೆಟ್ ತೆಗೆದು ಹೋಗುವ ಹಾಗಿಲ್ಲ, ಪರವಾನಗಿ ಬೇಕು. ನಾವು ಹೋಗುವಾಗ ಪೊಲೀಸರ ಪತ್ರವೂ ಬೇಕಿತ್ತು. ಠಾಣೆಯ ಬೆಂಚಿನ ಮೇಲೆ ಫೋಟೋ ಹಿಡಿದು ಕೂತಿದ್ದ ನನ್ನನ್ನು ಕಂಡು ಪರಿಚಯದವರೊಬ್ಬರು ‘ಏನಮ್ಮಾ, ಏನಾತು?’ ಎಂದು ಗಾಬರಿಯಾದರು. ‘ಸಮುದ್ರಕ್ಕೆ ಹೋಗ್ತೀವಿ’ ಎಂದೆ. ಅವರ ಗಾಬರಿ ಇನ್ನೂ ಹೆಚ್ಚಾಯಿತು!

ತೋರಣಗಲ್ಲಿನಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಅಲ್ಲಿಂದ ಎರ್ನಾಕುಲಮ್ಮಿಗೆ ಐಲ್ಯಾಂಡ್ ಎಕ್ಸ್‌ಪ್ರೆಸ್. ಈಗದು ಕನ್ಯಾಕುಮಾರಿಗೆ ಹೋಗುವ ಗಾಡಿ. ಹಿಂದೆ ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದವರೆಗೆ ಹೋಗುತ್ತಿದ್ದುದರಿಂದ ಆ ಹೆಸರು ಬಂತಂತೆ. ನಾವು ಹಡಗು ಹತ್ತಿದ್ದೂ ಅದೇ ವಿಲ್ಲಿಂಗ್ಡನ್ ದ್ವೀಪದಲ್ಲಿ. ಹಡಗಿನ ಹೆಸರು ಎಂ.ವಿ. ಕವರತ್ತಿ. ವಿಶಾಖಪಟ್ಟಣದಲ್ಲಿ ಕಟ್ಟಿದ್ದು, 700 ಜನ ಹಿಡಿಸುವಂಥದು. ಕುರೆಕುಪ್ಪದ ಎರಡು ಓಣಿಯ ಜನರನ್ನೆಲ್ಲ ಒಂದೇ ಸೂರಿನ ಕೆಳಗೆ ತುಂಬಿ ನೀರಿನ ಮೇಲೆ ಬಿಟ್ಟಂತೆ.

ನಮ್ಮ ಊರಿನ ಮಣ್ಣು ನನಗಿಂತ ಮುಂಚೆಯೇ ಹಡಗು ಹತ್ತಿದೆ ಎಂಬುದು ಅಲ್ಲಿ ನಿಂತಾಗ ನೆನಪಾಯಿತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸುವ ಮುಂಚಿನ ವರ್ಷಗಳಲ್ಲಿ ಲಾರಿಗಟ್ಟಲೆ ಅದಿರು ಬೇಲೆಕೇರಿ, ಮಂಗಳೂರು ಬಂದರುಗಳಿಗೆ ಹೋಗಿ ಚೀನಾಕ್ಕೆ ಸಾಗುತ್ತಿತ್ತಲ್ಲ, ಆ ಲಾರಿಗಳ ಧೂಳು ಕುಡಿದವರು ನಾವು. ಮಣ್ಣಿಗೆ ಸಿಕ್ಕ ಭಾಗ್ಯ ನನಗೆ ಸಿಕ್ಕಲು ಇಷ್ಟು ವರ್ಷ ಹಿಡಿಯಿತು.

ಮೊದಲ ರಾತ್ರಿಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ: ವಾಂತಿ. ನೀವು ಹೋಗುವುದಾದರೆ ಹೊಟ್ಟೆ ಬಿರಿಯ ತಿನ್ನಬೇಡಿ, ಬರೀ ಹೊಟ್ಟೆಯಲ್ಲೂ ಇರಬೇಡಿ. ಹಸಿಶುಂಠಿಯ ಚೂರಿಗೆ ಉಪ್ಪು, ನಿಂಬೆರಸ ಹಿಂಡಿ ಒಣಗಿಸಿ ಡಬ್ಬಿಯಲ್ಲಿಟ್ಟುಕೊಳ್ಳಿ. ಹಡಗಿನಲ್ಲಿ ಊಟಕ್ಕೇನೂ ಕೊರತೆಯಿಲ್ಲ. ಆದರೂ ನಾನು ಕಟ್ಟಿಕೊಂಡು ಹೋದ ಖಡಕ್ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿಪುಡಿ ಎರಡನೇ ದಿನಕ್ಕೇ ಖಾಲಿ. ಪಕ್ಕದ ಮಂಚದ ಮಹಾರಾಷ್ಟ್ರದ ಹೆಂಗಸರೂ ಕೈಹಾಕಿದರು.

ಬೆಳಿಗ್ಗೆ ಎದ್ದು ಹೊರಗೆ ಬಂದೆ ನೋಡಿ. ನೀಲಿ ಎನ್ನುವುದು ಒಂದೇ ಬಣ್ಣವಲ್ಲ ಎಂದು ನನಗೆ ತಿಳಿದದ್ದು ಅಂದು. ದೂರದಲ್ಲಿ ಶಾಯಿ ನೀಲಿ, ದ್ವೀಪದ ಹತ್ತಿರ ನವಿಲು ಬಣ್ಣ, ದಡದಲ್ಲಿ ಎಳನೀರಿನ ಹಾಗೆ ತಿಳಿ. ದ್ವೀಪದ ಸುತ್ತ ಹವಳದ ದಿಬ್ಬ ಇರುವುದರಿಂದ ದೊಡ್ಡ ಹಡಗು ದಡಕ್ಕೆ ಹೋಗುವುದಿಲ್ಲ. ಹಡಗಿನ ಪಕ್ಕೆಯಲ್ಲೊಂದು ಬಾಗಿಲು ತೆರೆಯುತ್ತಾರೆ. ಕೆಳಗೆ ಸಣ್ಣ ದೋಣಿ ಬಂದು ನಿಲ್ಲುತ್ತದೆ. ನಿಲ್ಲುತ್ತದೆ ಎಂದರೆ ತಪ್ಪಾಯಿತು, ಅಲೆಯ ಜೊತೆ ಏರುತ್ತದೆ, ಇಳಿಯುತ್ತದೆ. ಇಬ್ಬರು ನಿಮ್ಮ ರಟ್ಟೆ ಹಿಡಿದು, ದೋಣಿ ಮೇಲೆದ್ದ ಕ್ಷಣಕ್ಕೆ ‘ಈಗ’ ಎನ್ನುತ್ತಾರೆ. ಆಗ ಕಾಲಿಡಬೇಕು. ಸೀರೆ ಉಟ್ಟವಳು ನಾನೊಬ್ಬಳೇ. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ದೇವರನ್ನು ನೆನೆದು ಹಾರಿದೆ. ಈ ಬಾಗಿಲಿನ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಕವರತ್ತಿಯಲ್ಲಿ ಎಲ್ಲರೂ ನೀರಿನೊಳಗಿನ ಮೀನು ನೋಡಲು ಓಡಿದರೆ ನನಗೆ ಕುತೂಹಲ ಬೇರೆಯದರ ಮೇಲೆ. ನಲ್ಲಿ ನೀರಿಗೆ ದಿನ ಎಣಿಸುವ ಊರಿನವಳಲ್ಲವೇ? ಸುತ್ತ ಉಪ್ಪುನೀರು ಇಟ್ಟುಕೊಂಡು ಇವರು ಕುಡಿಯುವುದೇನನ್ನು ಎಂದು ಕೇಳಿದೆ. 2005ರಲ್ಲಿ ಅಲ್ಲಿ ಸಮುದ್ರದ ನೀರನ್ನೇ ಸಿಹಿನೀರು ಮಾಡುವ ಘಟಕ ಶುರುವಾಗಿದೆ, ದಿನಕ್ಕೆ ಒಂದು ಲಕ್ಷ ಲೀಟರಿನದು. ಅನ್ನದ ಪಾತ್ರೆಯ ಮುಚ್ಚಳದ ಒಳಗೆ ಹನಿ ಕೂಡುತ್ತದಲ್ಲ, ಅದೇ ಲೆಕ್ಕ. ಮೇಲಿನ ಬೆಚ್ಚಗಿನ ನೀರನ್ನು ಗಾಳಿ ಕಡಿಮೆ ಮಾಡಿದ ಕೋಣೆಗೆ ಬಿಟ್ಟರೆ ಒಲೆಯಿಲ್ಲದೆ ಆವಿಯಾಗುತ್ತದೆ. 300 ಮೀಟರಿಗೂ ಹೆಚ್ಚು ಆಳದಿಂದ ತಣ್ಣನೆಯ ನೀರು ಎತ್ತಿ ಆ ಆವಿಯನ್ನು ತಣಿಸಿದರೆ ಸಿಹಿನೀರು. ಒಂದು ಲೋಟ ಕುಡಿದೆ. ನಮ್ಮ ಬೋರ್‌ವೆಲ್ ನೀರಿಗಿಂತ ಚೆನ್ನಾಗಿತ್ತು.

ಇನ್ನೊಂದು ಸಂಗತಿ ಕೇಳಿ. ಲಕ್ಷದ್ವೀಪದಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ದ್ವೀಪಗಳಿವೆ. 1956ರ ತನಕ ಇವು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು! ಅಲ್ಲಿಯವರು ತೆಂಗಿನ ನಾರಿನ ಹುರಿ ತಂದು ಮಂಗಳೂರಿನಲ್ಲಿ ಕೊಟ್ಟು ಅಕ್ಕಿ ಒಯ್ಯುತ್ತಿದ್ದರಂತೆ. ಹಾಗಾಗಿ ನಾನು ಪರದೇಶಕ್ಕೆ ಹೋಗಿದ್ದೆ ಎಂದು ಯಾರೂ ಹಂಗಿಸಬೇಡಿ.

ಕಲ್ಪೇನಿ ಚೆಂದ. ಆದರೆ ನನ್ನ ಮನಸ್ಸು ನಿಂತದ್ದು ಮಿನಿಕಾಯ್‌ನಲ್ಲಿ. ಮಿಕ್ಕ ದ್ವೀಪಗಳಲ್ಲಿ ಮಲಯಾಳದ ಒಂದು ಬಗೆ ಆಡಿದರೆ ಇಲ್ಲಿ ಮಾಹ್ಲ್ ಎಂಬ ಬೇರೆಯೇ ಭಾಷೆ, ಬಲದಿಂದ ಎಡಕ್ಕೆ ಬರೆಯುವ ಲಿಪಿ. 1885ರಲ್ಲಿ ಕಟ್ಟಿದ ದೀಪಸ್ತಂಭ ಇಂದಿಗೂ ನಿಂತಿದೆ. ಈ ದ್ವೀಪದ ಗಂಡಸರು ತಲೆತಲಾಂತರದಿಂದ ಹಡಗಿನ ಕೆಲಸಕ್ಕೆ ಹೋಗುವವರು; ಮನೆ, ಮಕ್ಕಳು, ತೆಂಗು, ವ್ಯವಹಾರ ಎಲ್ಲ ಹೆಂಗಸರ ಕೈಯಲ್ಲಿ. ಸೂರೆ ಮೀನು ಒಣಗಿಸುತ್ತಿದ್ದ ನನ್ನ ವಯಸ್ಸಿನಾಕೆ ಒಬ್ಬರು ಕೂಡಿಸಿ ಎಳನೀರು ಕೊಟ್ಟರು. ನನ್ನ ಹಿಂದಿ ಅಷ್ಟರಲ್ಲೇ ಇದೆ, ಅವರದೂ ಹಾಗೆಯೇ; ಆದ್ದರಿಂದ ಇಬ್ಬರಿಗೂ ಚೆನ್ನಾಗಿ ಅರ್ಥವಾಯಿತು. ಯಜಮಾನರು ಸರಕು ಹಡಗಿನಲ್ಲಿ, ಒಂಬತ್ತು ತಿಂಗಳಿಗೊಮ್ಮೆ ಬರುತ್ತಾರೆ. ಬೇಜಾರಾಗುವುದಿಲ್ಲವೇ ಎಂದು ಕೇಳಿದೆ. ಬಂದ ಮೊದಲ ವಾರ ಹಬ್ಬ, ಆಮೇಲೆ ಎಲ್ಲದಕ್ಕೂ ನನ್ನನ್ನೇ ಕರೆಯುತ್ತಾರೆ, ಯಾವಾಗ ಹೋಗುತ್ತಾರೋ ಎನ್ನಿಸುತ್ತದೆ ಎಂದು ನಕ್ಕರು. ನಾನೂ ನಕ್ಕೆ. ಏಳುವಾಗ ನನ್ನ ಕೈಹಿಡಿದು ‘ಮತ್ತೆ ಬಾ’ ಎಂದರು. ಬರುತ್ತೇನೆ ಎಂದೆ. ಮುಂದಿನ ವರ್ಷವೇ ಎಂದೂ ಸೇರಿಸಿದೆ.

ಹವಳ, ಚಿಪ್ಪು ತರುವಂತಿಲ್ಲ. ಅತ್ತೆಯವರಿಗೆಂದು ಒಂದು ಬಾಟಲಿ ಸಮುದ್ರದ ನೀರು ತುಂಬಿಸಿ ತಂದೆ. ಅವರು ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು, ‘ಉಪ್ಪು ಜಾಸ್ತಿ ಆಗೈತಿ’ ಎಂದು, ನಾನೇ ಮಾಡಿದ ಸಾರಿನ ಹಾಗೆ ತೀರ್ಪು ಕೊಟ್ಟು ದೇವರ ಗೂಡಿನಲ್ಲಿಟ್ಟರು. ಆಮೇಲೆ ರಾತ್ರಿ ದೀಪ ಆರಿಸುವಾಗ ಮೆಲ್ಲಗೆ, ‘ಮುಂದಿನ ಸಲ ಹೋದರೆ ನನ್ನನ್ನೂ ಕರಕೊಂಡು ಹೋಗ್ರಿ. ಸಾಯೋದರಾಗ ಒಮ್ಮೆ ನೋಡ್ತೀನಿ’ ಎಂದರು. ಅಷ್ಟು ವರ್ಷದಲ್ಲಿ ನನ್ನ ಹತ್ತಿರ ಅವರು ಏನನ್ನೂ ಬೇಡಿದವರಲ್ಲ.

2020ರ ಏಪ್ರಿಲಿಗೆ ನಾಲ್ಕು ಟಿಕೆಟ್ ಮಾಡಿಸಿದೆವು. ಅವರಿಗೊಂದು ಹೊಸ ಸ್ವೆಟರು, ಗಟ್ಟಿ ಚಪ್ಪಲಿ ತಂದೆವು. ಮಾರ್ಚ್ ಕೊನೆಗೆ ಏನಾಯಿತೆಂದು ನಿಮಗೆ ನಾನು ಹೇಳಬೇಕಿಲ್ಲ. ಲಾಕ್‌ಡೌನು. ದುಡ್ಡು ತಿರುಗಿ ಬಂತು, ಮಗಳ ಕಾಲೇಜಿಗೆ ಹೋಯಿತು. 2021ರ ಡಿಸೆಂಬರಿನಲ್ಲಿ ಅದೇ ಎಂ.ವಿ. ಕವರತ್ತಿಯ ಎಂಜಿನ್ ಕೋಣೆಗೆ ಬೆಂಕಿ ಬಿತ್ತು. ಜನರೆಲ್ಲ ಕ್ಷೇಮವಾಗಿ ದಡ ಸೇರಿದರು. ಆದರೆ ನಮ್ಮವರು ಪತ್ರಿಕೆ ಮಡಿಸಿಟ್ಟು ‘ಸಾಕು’ ಎಂದರು. ಆಮೇಲೆ ಹಡಗುಗಳೇ ಕಡಿಮೆಯಾಗಿ ದ್ವೀಪದ ಜನಕ್ಕೇ ಕೊಚ್ಚಿಯ ಆಸ್ಪತ್ರೆಗೆ ಬರಲು ಟಿಕೆಟ್ ಸಿಗುತ್ತಿಲ್ಲ ಎಂದು ಓದಿದೆ. ಅದನ್ನು ಓದಿದ ದಿನ ನನ್ನ ಆಸೆಗೆ ನಾಚಿಕೆಯೂ ಆಯಿತು. ನಮಗೆ ಅದು ವಿಹಾರ. ಅವರಿಗೆ ನಮ್ಮ ಸಂಡೂರು ಬಸ್ಸು ಇದ್ದ ಹಾಗೆ.

2024ರ ಜನವರಿಯಲ್ಲಿ ಪ್ರಧಾನಿಯವರು ಅಲ್ಲಿಗೆ ಹೋಗಿ ಬಂದ ಫೋಟೋ ಎಲ್ಲೆಲ್ಲೂ ಬಂದಾಗ, ನಾನು ಹೇಳಿದರೆ ಕೇಳದವರೆಲ್ಲ ‘ಎಷ್ಟಾಗುತ್ತದೆ, ಹೇಗೆ ಹೋಗುವುದು’ ಎಂದು ನನ್ನನ್ನು ಕೇಳತೊಡಗಿದರು. ಅದೇ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ದ್ವೀಪದಿಂದ ಮಂಗಳೂರಿನ ಹಳೇ ಬಂದರಿಗೆ ಏಳು ತಾಸಿನಲ್ಲಿ ಬಂತು. ಮಂಗಳೂರಿನಿಂದಲೇ ಹೋಗಬಹುದಲ್ಲ ಎಂದು ಕುಣಿದಾಡಿದೆ. ಅಷ್ಟರಲ್ಲಿ ಅತ್ತೆಯವರ ಮಂಡಿ ಕೂತಿತ್ತು. ಡಾಕ್ಟರು ಆಪರೇಷನ್ ಎನ್ನುತ್ತಾರೆ, ಅವರು ಒಲ್ಲೆ ಎನ್ನುತ್ತಾರೆ. ಹಡಗಿನ ಪಕ್ಕೆಯ ಆ ಬಾಗಿಲು ನನ್ನ ಕಣ್ಣ ಮುಂದೆ ಬರುತ್ತದೆ. 2019ರಲ್ಲಿ ಅವರು ನನಗಿಂತ ಚೆನ್ನಾಗಿ ಹಾರುತ್ತಿದ್ದರು.

ಮಗಳು ಮೊಬೈಲಿನಲ್ಲಿ ಇನ್ನೊಂದು ತೋರಿಸಿದಳು. 2021ರಿಂದ ಮುಂಬಯಿಯಿಂದ ಗೋವಾಕ್ಕೆ ಹೊರಟ ದೊಡ್ಡ ಹಡಗು. ಲಿಫ್ಟಿದೆ, ಈಜುಕೊಳವಿದೆ, ಹಾರುವ ಕೆಲಸವಿಲ್ಲ. ‘ಅದೇನದು ದೀಪದ ಕೋಣೆ?’ ಎಂದರು ಅತ್ತೆ. ಜೂಜಾಡುವ ಕೋಣೆ ಎಂದಳು ಇವಳು. ‘ನಡೀ ಅತ್ಲಾಗೆ’ ಎಂದು ಮೊಬೈಲು ತಿರುಗಿಸಿಟ್ಟರು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಈ ಭಾಗದಲ್ಲಿ ಯಾರಿಗೂ ನಿದ್ದೆಯಿಲ್ಲ. ವಾರದೊಳಗೆ ಹರಿಯುವ ನೀರಿಗೇ ತಡೆ ಇಳಿಸಿ ನಿಲ್ಲಿಸಿದರು, ಪುಣ್ಯಾತ್ಮರು. ಕಂಪ್ಲಿ ಕಡೆ ನಮ್ಮದೂ ತುಸು ಭತ್ತದ ಗದ್ದೆ ಇರುವುದರಿಂದ ನಾವು ಟಿ.ವಿ. ಮುಂದೆಯೇ ಕೂತಿದ್ದೆವು. ‘ಆ ನೀರು ಎಲ್ಲಿಗೆ ಹೋಗ್ತದ?’ ಎಂದು ಅತ್ತೆ ಕೇಳಿದರು. ಕೃಷ್ಣಾ ಸೇರಿ ಕಡೆಗೆ ಸಮುದ್ರಕ್ಕೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೊಳಿ ಗೇಟು ಮುರಕೊಂಡು ಹೊಂಟಿತು ನೋಡು. ನಮ್ಮ ಮನಿ ಗೇಟೇ ಗಟ್ಟಿ’ ಎಂದರು. ನಾನು ಎದ್ದು ಒಳಗೆ ಹೋದೆ, ಸಾರು ಕುದಿಯುತ್ತಿತ್ತು.

2025ರ ಸಂಕ್ರಾಂತಿಗೆ ಹೊಳೆಸ್ನಾನಕ್ಕೆಂದು ಹಂಪಿಯ ತಳವಾರಘಟ್ಟಕ್ಕೆ ಹೋದೆವು. ಗಾಡಿ ನೀರಿನ ಹತ್ತಿರದವರೆಗೂ ಹೋಗುತ್ತದೆ, ಅದಕ್ಕೇ ಅಲ್ಲಿಗೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬಿಚ್ಚಿ ಉಂಡೆವು. ಎದುರಿಗೆ ಆನೆಗೊಂದಿ; ನಡುವೆ ಹರಿಗೋಲುಗಳು. ಬಿದಿರು ಹೆಣೆದ ದುಂಡು ಬುಟ್ಟಿ, ಸುತ್ತ ನೀರು ಹಿಡಿಯದ ಹೊದಿಕೆ, ಒಂದು ಹುಟ್ಟು, ಅಷ್ಟೇ. ವಿಜಯನಗರದ ಕಾಲದಲ್ಲಿ ಬಂದ ಪರದೇಶದವರೂ ಇಲ್ಲಿಯ ದುಂಡನೆಯ ದೋಣಿಗಳ ಬಗ್ಗೆ ಬರೆದಿದ್ದಾರೆ. ‘ಕೂಡ್ತೀರೇನ್ರಿ ಅತ್ತೆಮ್ಮಾ?’ ಎಂದೆ, ತಮಾಷೆಗೆ. ಅವರು ಆಗಲೇ ಸೆರಗು ಸಿಕ್ಕಿಸಿ ಎದ್ದಿದ್ದರು.

ಇಬ್ಬರು ಹುಡುಗರು ರಟ್ಟೆ ಹಿಡಿದರು. ಹರಿಗೋಲು ಅತ್ತಿತ್ತ ಓಲಾಡಿತು. ಒಂದು ಕಾಲು ಒಳಗೆ, ಒಂದು ಕಾಲು ಕಲ್ಲಿನ ಮೇಲೆ. ನಮ್ಮವರ ಮುಖ ಬಿಳಿಚಿತು. ಅತ್ತೆಯವರು ‘ಏ, ಬಿಗಿ ಹಿಡೀಬೇಡ್ರೋ, ನೋಯ್ತದ’ ಎಂದು ಗದರಿ ಧಡ್ಡನೆ ಕೂತೇಬಿಟ್ಟರು. ನಡುಹೊಳೆಗೆ ಹೋದಾಗ ಅಂಬಿಗ, ಎಲ್ಲ ಪ್ರವಾಸಿಗರಿಗೂ ಮಾಡುವ ಹಾಗೆ, ಹರಿಗೋಲನ್ನು ಗಿರಗಿರ ತಿರುಗಿಸಿದ. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವರು ನಗುತ್ತಿದ್ದರು, ಬಾಯಿಗೆ ಸೆರಗು ಹಿಡಿದು, ಚಿಕ್ಕ ಹುಡುಗಿಯ ಹಾಗೆ.

ದಡಕ್ಕೆ ಬಂದು ಇಳಿದು, ಮಂಡಿ ತಿಕ್ಕಿಕೊಳ್ಳುತ್ತ ಕೇಳಿದರು: ‘ನಿನ್ನ ಹಡಗಿನ ಬಾಗಲಾ ಇದಕ್ಕಿಂತ ಎತ್ತರ ಐತೇನು?’

‘ಸ್ವಲ್ಪ ಎತ್ತರ’ ಎಂದೆ. ಎಷ್ಟು ಎಂದರು. ಕೈಯಲ್ಲಿ ತೋರಿಸಿದೆ. ನಮ್ಮ ಮನೆಯ ಮುಂದಿನ ಕಟ್ಟೆಯಷ್ಟು.

ಆವತ್ತಿನಿಂದ ಬೆಳಿಗ್ಗೆ ಕಸ ಗುಡಿಸಲು ನಾನು ಬಾಗಿಲು ತೆಗೆಯುವ ಹೊತ್ತಿಗೆ ಅವರು ಅಂಗಳದಲ್ಲಿರುತ್ತಾರೆ. ಕಂಬ ಹಿಡಿದು ಕಟ್ಟೆ ಹತ್ತುತ್ತಾರೆ, ಇಳಿಯುತ್ತಾರೆ. ಬಾಯಲ್ಲಿ ಎಣಿಕೆ. ನಿನ್ನೆ ಹದಿನೆಂಟಕ್ಕೆ ಬಂದಿತ್ತು. ಟಿಕೆಟ್ಟಿನ ವಿಚಾರ ಏನಾಯಿತು ಎಂದು ನಮ್ಮವರನ್ನು ನಾನೀಗ ಕೇಳುವುದಿಲ್ಲ, ಅವರೇ ಕೇಳುತ್ತಾರೆ.